ಅಕ್ಕನ ಟಚ್‌ಪ್ಯಾಡ್

ಅಕ್ಕನ ಬಾಯಿ ನಿಂತು ಮೂರು ವರ್ಷವಾಗಿತ್ತು, ಮಾತು ಮಾತ್ರ ನಿಂತಿರಲಿಲ್ಲ. ನಿಲ್ಲದಂತೆ ನೋಡಿಕೊಂಡವನು ನಾನು. ಇದನ್ನು ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಹೇಳಿದ್ದೇನೆ. ಕೇಳಲು ಇಷ್ಟವಿಲ್ಲದವರಿಗೂ ಹೇಳಿದ್ದೇನೆ. ಅವರ ಲ್ಯಾಪ್‌ಟಾಪ್ ನನ್ನ ಮೇಜಿನ ಮೇಲೆ ಬಿಚ್ಚಿ ಬಿದ್ದಿರುವಾಗ ಎದ್ದು ಹೋಗುವುದಾದರೂ ಎಲ್ಲಿಗೆ?

ಲಕ್ವ ಹೊಡೆದಾಗ ಅಕ್ಕನಿಗೆ ಐವತ್ತೆಂಟು. ಕಾಲು, ಕೈ, ಕತ್ತು, ನಾಲಿಗೆ ಎಲ್ಲ ಒಂದೇ ಬೆಳಿಗ್ಗೆ ಹೋದವು. ಉಳಿದದ್ದು ಕಣ್ಣು, ಕಿವಿ, ಮೊದಲಿನಷ್ಟೇ ಚುರುಕಾದ ಬುದ್ಧಿ ಮತ್ತು ಬಲಗೈಯ ತೋರುಬೆರಳು. ಆ ಬೆರಳೂ ಮೇಲೇಳುತ್ತಿರಲಿಲ್ಲ. ಇದ್ದಲ್ಲೇ ಅಂಗೈಯಗಲದ ಜಾಗದಲ್ಲಿ ಜಾರುತ್ತಿತ್ತು, ಅಷ್ಟೇ. ರೆಪ್ಪೆ ತನ್ನಿಷ್ಟಕ್ಕೆ ತಾನು ಬಡಿದುಕೊಳ್ಳುತ್ತಿದ್ದುದರಿಂದ ಕಣ್ಣು ಮಿಟುಕಿಸಿ ಏನಾದರೂ ಹೇಳುವ ದಾರಿಯೂ ಇರಲಿಲ್ಲ. ಡಾಕ್ಟರು ಕೈಚೆಲ್ಲಿದರು. ನಾನು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಲ್ಯಾಪ್‌ಟಾಪ್ ಒಂದನ್ನು ಒರೆಸಿ, ಅದಕ್ಕೆ ಲಿನಕ್ಸ್ ತಂತ್ರಾಂಶ ಹಾಕಿ, ಪರದೆಯ ಕೆಳಭಾಗದಲ್ಲಿ ಅಕ್ಷರಗಳ ಸಾಲು ಬರುವಂತೆ ಮಾಡಿದೆ. ಟಚ್‌ಪ್ಯಾಡ್ ಮೇಲೆ ಬೆರಳು ಜಾರಿಸಿದರೆ ಪರದೆಯಲ್ಲಿ ಬಾಣ ಓಡುತ್ತದೆ. ಬಾಣವನ್ನು ಒಂದು ಅಕ್ಷರದ ಮೇಲೆ ಒಂದು ಕ್ಷಣ ನಿಲ್ಲಿಸಿದರೆ ಆ ಅಕ್ಷರ ಬೀಳುತ್ತದೆ. ಒತ್ತುವುದೂ ಬೇಡ, ತಟ್ಟುವುದೂ ಬೇಡ. ಮೊದಲ ದಿನ ಅಕ್ಕ ಅರ್ಧ ಗಂಟೆ ಹೆಣಗಿ ಬರೆದದ್ದು, ‘ಲೋ ರೇಡಿಯೋ’.

ಅದು ಚಿಕ್ಕಂದಿನಲ್ಲಿ ಅವಳೇ ನನಗಿಟ್ಟ ಹೆಸರು. ಕೈ ಕೆಲಸ ಮಾಡುವಾಗ ನನ್ನ ಬಾಯಿ ಸುಮ್ಮನಿರುವುದಿಲ್ಲ, ಮಾಡುತ್ತಿರುವುದನ್ನೆಲ್ಲ ಒದರುತ್ತಲೇ ಇರುತ್ತೇನೆ. ಅವತ್ತು ಮಾತ್ರ ಏನೂ ಹೇಳಲಾಗದೆ ಬಿಕ್ಕಿ ಬಿಕ್ಕಿ ಅತ್ತೆ.

ಆಮೇಲೆ ಅಳುವ ಸರದಿ ಉಳಿದವರದಾಯಿತು. ಅಕ್ಕ ಮೂವತ್ತು ವರ್ಷ ಮುದ್ರಣಾಲಯದಲ್ಲಿ ಪ್ರೂಫ್ ತಿದ್ದಿದವಳು. ತಪ್ಪು ಹುಡುಕುವುದೇ ಅವಳ ಅನ್ನವಾಗಿತ್ತು. ನಾಲಿಗೆಯಿದ್ದಾಗ ಸ್ವಲ್ಪ ಹಿಡಿತವಿತ್ತು. ಒಂದೊಂದೇ ಅಕ್ಷರ ಹೆಕ್ಕಿ ಬರೆಯಬೇಕಾಗಿ ಬಂದ ಮೇಲೆ ಉಪಚಾರದ ಮಾತುಗಳನ್ನೆಲ್ಲ ದುಂದುವೆಚ್ಚವೆಂದು ಬಿಟ್ಟುಬಿಟ್ಟಳು. ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದ ಭಾವ ಅವಳ ಪಕ್ಕದಲ್ಲಿ ಕೂತು ಪೇಪರ್ ಓದಿದರೆ, ‘ಅದು ನಿನ್ನೆಯ ಪೇಪರ್. ನಿಮಗೆ ಇನ್ನೂ ಗೊತ್ತಾಗಿಲ್ಲ’ ಎಂದು ಬರೆದಳು. ನೋಡಲು ಬಂದ ನನ್ನ ಹೆಂಡತಿಗೆ, ‘ಗಡಿಯಾರ ನೋಡುವುದು ಬಿಟ್ಟು ಎದ್ದು ಹೋಗು’ ಎಂದಳು. ಹೆಂಡತಿ ಎದ್ದು ಹೋದವಳು ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ದಿನವೂ ಅಕ್ಕನ ಮೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ಔಷಧಿ ಅಂಗಡಿಯ ಕೆಲಸಕ್ಕೆ ಓಡುತ್ತಿದ್ದ ಮಗಳಿಗೆ ಏನೇನು ಬರೆದಳೋ ನನಗೆ ಪೂರ್ತಿ ತಿಳಿಯದು. ನಾನು ಭಾನುವಾರ ಬರುತ್ತಿದ್ದೆ, ಒಂದು ಗಂಟೆ ಕೂರುತ್ತಿದ್ದೆ, ಅವಳು ಬರೆದದ್ದನ್ನೆಲ್ಲ ಓದಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಏಟು ಬೀಳುತ್ತಿದ್ದದ್ದು ಬೇರೆಯವರಿಗೆ, ನನಗೇನು?

ಅಕ್ಕ ದಿನಾ ಬೆಳಿಗ್ಗೆ ಎಂಟಕ್ಕೆ ನನ್ನ ಫೋನಿಗೆ ಒಂದು ಸಾಲು ಕಳಿಸುತ್ತಿದ್ದಳು. ಆ ಭಾನುವಾರ ಬರಲಿಲ್ಲ. ಹೆಂಡತಿಯ ಕಡೆಯವರ ಮನೆಗೆ ಹೋಗಬೇಕಾಗಿದ್ದರಿಂದ ಆ ವಾರ ಬರುವುದಿಲ್ಲವೆಂದು ಮೊದಲೇ ತಿಳಿಸಿದ್ದೆ. ಅದಕ್ಕೇ ಮುನಿಸಿಕೊಂಡಿರಬೇಕು ಎಂದುಕೊಂಡೆ. ಸೋಮವಾರವೂ ಬರಲಿಲ್ಲ. ಭಾವನಿಗೆ ಫೋನ್ ಮಾಡಿದೆ.

"ಅದೇನೋ ಕೆಟ್ಟಿದೆಯಪ್ಪ, ಬಾಣ ಅಲ್ಲಾಡ್ತಾ ಇಲ್ಲ. ಅವಸರ ಏನಿಲ್ಲ, ನಾಳೆ ನಾಡಿದ್ದು ಬಾ. ಇವತ್ತಂತೂ ಬೇಡ" ಎಂದರು.

"ಇವತ್ತೇನು ಭಾವ?"

"ಹನ್ನೊಂದಕ್ಕೆ ಯಾರೋ ಬರೋರಿದ್ದಾರೆ."

ಆಯುಷ್ಯವೆಲ್ಲ ಬೇರೆಯವರ ಕಳ್ಳತನ ಹಿಡಿದ ಮನುಷ್ಯನಿಗೆ ತಾನು ಸುಳ್ಳು ಹೇಳಲು ಬರುವುದಿಲ್ಲ. ಎರಡು ಸಲ ಜಗ್ಗಿ ಕೇಳಿದ್ದಕ್ಕೆ ಎಲ್ಲ ಹೊರಬಿತ್ತು. ಅಕ್ಕನನ್ನು ಆರೈಕೆ ಕೇಂದ್ರಕ್ಕೆ ಸೇರಿಸುವುದೆಂದು ಅಪ್ಪ ಮಗಳು ತೀರ್ಮಾನಿಸಿದ್ದರು. ಕೇಂದ್ರದ ಪರಿಶೀಲಕಿ ಹನ್ನೊಂದಕ್ಕೆ ಬಂದು ಅಕ್ಕನನ್ನೇ ಕೇಳುತ್ತಾಳೆ. ಅವಳು ಒಲ್ಲೆ ಎಂದರೆ ಸೇರಿಸಿಕೊಳ್ಳುವುದಿಲ್ಲ. ತನ್ನ ಇಷ್ಟ ತಿಳಿಸುವ ಸ್ಥಿತಿಯಲ್ಲಿ ರೋಗಿ ಇಲ್ಲದಿದ್ದರೆ ಮನೆಯವರ ಸಹಿ ಸಾಕು.

"ಮಾತಾಡೋ ಯಂತ್ರ ಈಗಲೇ ಕೆಡಬೇಕಿತ್ತಾ ಭಾವ? ಎಷ್ಟು ಚೆಂದ ಕೂಡಿಬಂತು ನೋಡಿ!" ಎಂದೆ. ಅವರು ಫೋನ್ ಇಟ್ಟುಬಿಟ್ಟರು. ಬಂದ ಗಿರಾಕಿಯನ್ನು ಹೊರಗೆ ನಿಲ್ಲಿಸಿ, ಅಂಗಡಿಯ ಬಾಗಿಲೆಳೆದು, ಸ್ಕೂಟರ್ ಹತ್ತಿದೆ. ಮೈಯೆಲ್ಲ ಉರಿಯುತ್ತಿತ್ತು.

ನಾನು ತಲುಪಿದಾಗ ಒಂಬತ್ತೂ ಮುಕ್ಕಾಲು. ಭಾವ ಮುಂದಿನ ಕೋಣೆಯಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕೂತಿದ್ದರು. ಹಿಂದಿನ ಕೋಣೆಯಲ್ಲಿ ಕಬ್ಬಿಣದ ಮಂಚ, ಪಕ್ಕದ ಮನೆಯ ಗೋಡೆಗೆ ತೆರೆಯುವ ಕಿಟಕಿ, ಆಗಷ್ಟೇ ನೆಲ ಒರೆಸಿದ ಫಿನಾಯಿಲ್ ವಾಸನೆ. ಅಕ್ಕನಿಗೆ ದಿಂಬು ಒರಗಿಸಿ ಕೂರಿಸಿದ್ದರು. ತಲೆ ಬಾಚಿ, ಒಗೆದ ಬಟ್ಟೆ ಉಡಿಸಿದ್ದರು. ತೊಡೆಯ ಮೇಲಿನ ಹಲಗೆಯಲ್ಲಿ ಲ್ಯಾಪ್‌ಟಾಪ್ ಇತ್ತು. ಬೆರಳು ಟಚ್‌ಪ್ಯಾಡ್ ಮೇಲೆ ಹೋಗುತ್ತಿತ್ತು, ಬರುತ್ತಿತ್ತು. ಬಾಣ ಪರದೆಯ ನಟ್ಟನಡುವೆ ಅಂಟಿಕೊಂಡಿತ್ತು. ನನ್ನನ್ನು ಕಂಡದ್ದೇ ಅಕ್ಕನ ಕಣ್ಣಲ್ಲಿ ನೀರು ಬಂತು. ಅವಳು ಅಳುವವಳಲ್ಲ.

"ಹೆದರ್ಬೇಡ ಅಕ್ಕ. ನಾನು ಬಂದಿದೀನಲ್ಲ" ಎಂದು ಹಲಗೆಯ ಅಂಚಿಗೆ ಕುರ್ಚಿ ಎಳೆದುಕೊಂಡೆ. ರೇಡಿಯೋ ಶುರುವಾಯಿತು.

"ಮೊದಲು ಇದು ನೋಡೋಣ. ಕೀಬೋರ್ಡಲ್ಲೇ ಟಚ್‌ಪ್ಯಾಡ್ ಮುಚ್ಚೋಕೆ ಒಂದು ಕೀಲಿ ಇದೆ, ಕೈತಪ್ಪಿ ಒತ್ತಿದ್ರೆ ಹೀಗಾಗುತ್ತೆ. ಒತ್ತಿದೆ. ಇಲ್ಲ, ಅದಲ್ಲ. ಸರಿ, ಸೆಟ್ಟಿಂಗಲ್ಲಿ ಯಾರಾದ್ರೂ ಆಫ್ ಮಾಡಿದಾರಾ? ಅರೆ, ಟಚ್‌ಪ್ಯಾಡ್ ಅನ್ನೋ ಪಟ್ಟಿಯೇ ಇಲ್ಲವಲ್ಲ ಇಲ್ಲಿ! ಅಂದ್ರೆ ನಿನ್ನ ಯಂತ್ರಕ್ಕೆ ತನಗೊಂದು ಟಚ್‌ಪ್ಯಾಡ್ ಇದೆ ಅನ್ನೋದೇ ಮರೆತುಹೋಗಿದೆ ಅಕ್ಕ."

ಯಂತ್ರಕ್ಕೆ ಆಜ್ಞೆ ಬರೆದು ಕೊಡುವ ಟರ್ಮಿನಲ್ ತೆರೆದೆ. ಕಪ್ಪು ಪರದೆ, ಬಿಳಿ ಅಕ್ಷರ. ಯಂತ್ರಕ್ಕೆ ಯಾವ ಯಾವ ಅಂಗಗಳು ಕಾಣಿಸುತ್ತಿವೆ ಎಂದು ಪಟ್ಟಿ ತರಿಸಿದೆ. ಕೀಬೋರ್ಡ್ ಇತ್ತು, ಕ್ಯಾಮೆರಾ ಇತ್ತು, ಮುಚ್ಚಳ ತೆರೆದಿದೆಯೋ ಮುಚ್ಚಿದೆಯೋ ನೋಡುವ ಸಣ್ಣ ಗುಂಡಿಯೂ ಇತ್ತು. ಟಚ್‌ಪ್ಯಾಡ್ ಇರಲಿಲ್ಲ. ಯಂತ್ರ ಎದ್ದಾಗಿನಿಂದ ಬರೆದಿಟ್ಟುಕೊಂಡ ದಿನಚರಿಯನ್ನು ಓದಿದೆ. ಭಾಗ ಸುಟ್ಟಿದ್ದರೆ, ತಂತಿ ಸಡಿಲವಾಗಿದ್ದರೆ ಅದರಲ್ಲಿ ನಾಲ್ಕಾರು ಕಡೆ ದೂರು ಇರಬೇಕು. ಒಂದೇ ಒಂದು ದೂರಿರಲಿಲ್ಲ.

"ಕೆಟ್ಟ ಯಂತ್ರ ಗಲಾಟೆ ಮಾಡುತ್ತೆ ಅಕ್ಕ. ಇದು ಗಪ್‌ಚಿಪ್ ಇದೆ. ಕೆಟ್ಟಿಲ್ಲ ಇದು. ಇಲ್ನೋಡು, ಟಚ್‌ಪ್ಯಾಡ್ ನಡೆಸೋಕೆ ಡ್ರೈವರ್ ಅಂತ ಒಂದು ತುಣುಕು ಇರುತ್ತೆ. ಯಂತ್ರ ಎದ್ದಾಗ ಅದೂ ತಾನಾಗೇ ಏಳ್ಬೇಕು. ಎದ್ದಿಲ್ಲ. ನಾನೇ ಎಬ್ಬಿಸ್ತೀನಿ."

ಡ್ರೈವರಿನ ಹೆಸರು ಹಾಕಿ ಎಂಟರ್ ಒತ್ತಿದೆ. ಬಾಣ ಜಿಗಿಯಿತು. ಅಕ್ಕನ ಗಂಟಲಿಂದ ಒಂದು ಸದ್ದು ಬಂತು. ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಆದರೆ ನಾನು ಅರ್ಧಂಬರ್ಧ ಕೆಲಸ ಮಾಡುವವನಲ್ಲ. ಯಂತ್ರವನ್ನು ಪೂರ್ತಿ ಆಫ್ ಮಾಡಿ ಮತ್ತೆ ಎಬ್ಬಿಸಿದೆ. ಬಾಣ ಮತ್ತೆ ಸತ್ತುಬಿದ್ದಿತ್ತು.

"ನೋಡಿದ್ಯಾ? ಕೈಯಿಂದ ಎಬ್ಬಿಸಿದ್ರೆ ಏಳುತ್ತೆ, ತಾನಾಗಿ ಏಳಲ್ಲ. ಅಂದ್ರೆ ಏಳ್ಬೇಡ ಅಂತ ಯಾರೋ ಹೇಳಿದಾರೆ. ಎಲ್ಲಿ ಹೇಳಿದಾರೆ ನನಗೆ ಗೊತ್ತು."

ಲಿನಕ್ಸಿನಲ್ಲಿ ಬೇಡದ ಡ್ರೈವರುಗಳನ್ನು ಕಪ್ಪುಪಟ್ಟಿಗೆ ಸೇರಿಸಲು ಒಂದು ಜಾಗವಿದೆ. ಅಲ್ಲಿ ಹೋಗಿ ನೋಡಿದರೆ ಹಳೆಯ ಕಡತಗಳ ನಡುವೆ ಹೊಸದೊಂದು ಕೂತಿತ್ತು. ತೆರೆದೆ. ಒಂದೇ ಸಾಲು, ಎರಡೇ ಪದ. ಮೊದಲನೆಯದು ಕಪ್ಪುಪಟ್ಟಿ ಎಂಬುದಕ್ಕೆ ಇಂಗ್ಲಿಷ್ ಪದ, ಎರಡನೆಯದು ಟಚ್‌ಪ್ಯಾಡ್ ಡ್ರೈವರಿನ ಹೆಸರು. ಬರೆದದ್ದು ಶನಿವಾರ ಸಂಜೆ ಆರೂ ಹತ್ತಕ್ಕೆ ಎಂದೂ ಅದೇ ಹೇಳುತ್ತಿತ್ತು.

"ಓದು ಅಕ್ಕ" ಎಂದೆ. ಸಾಲಿನ ಕೆಳಗೆ ಉಗುರಿಟ್ಟು ತೋರಿಸಿದೆ. "ಇದೇ ನಿನ್ನ ಬಾಯಿಗೆ ಬಟ್ಟೆ ತುರುಕಿರೋ ಸಾಲು. ಇದಿದ್ರೆ ನೀನು ಮೂಗಿ. ಇದನ್ನ ಅಳಿಸಿದ್ರೆ ನೀನು ಮತ್ತೆ ನೀನೇ."

ಯಾರು ಬರೆದರು ಎಂದು ಯೋಚಿಸಬೇಕಾಗಿರಲಿಲ್ಲ. ಹೋದ ವರ್ಷ ಟಚ್‌ಪ್ಯಾಡ್ ಆಗಾಗ ತೂಕಡಿಸುತ್ತಿತ್ತು. ಆಗ ಡ್ರೈವರನ್ನು ಇಳಿಸಿ ಏರಿಸುವುದನ್ನು, ಅಂದರೆ ನಿಲ್ಲಿಸಿ ಎಬ್ಬಿಸುವುದನ್ನು, ಅಕ್ಕನ ಮಗಳಿಗೆ ಫೋನಿನಲ್ಲೇ ಹೇಳಿಕೊಟ್ಟಿದ್ದೆ. ಅವಳು ಕೇಳದಿದ್ದರೂ, ಅದು ಎಂದೆಂದಿಗೂ ಏಳಬಾರದೆಂದರೆ ಯಾವ ಸಾಲನ್ನು ಎಲ್ಲಿ ಬರೆಯಬೇಕೆಂದೂ ಹೇಳಿದ್ದೆ. ನನ್ನ ಬಾಯಿ.

ಅವಳು ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಒದ್ದೆ ಟವೆಲ್. ಮೂವತ್ತರ ಹುಡುಗಿ, ನಲವತ್ತೈದರವಳಂತೆ ಕಾಣುತ್ತಿದ್ದಳು.

"ನಾಚಿಕೆ ಆಗ್ಲಿಲ್ವೇನೇ ನಿಂಗೆ?" ಎಂದು ಎದ್ದೆ. "ಹೆತ್ತ ತಾಯಿ ಕಣೇ ಅವಳು! ಇರೋದು ಒಂದು ಬೆರಳು. ಅದನ್ನೂ ಕತ್ತರಿಸಿದ್ಯಲ್ಲ, ನೀನು ಮನುಷ್ಯಳಾ?"

"ಶನಿವಾರ ಅಮ್ಮ ನಂಗೆ ಏನು ಬರೆದ್ಲು ಗೊತ್ತಾ ಮಾಮ? ಹೆಣ ತೊಳೆಯೋರ ಕೈ ನಿನ್ನ ಕೈಗಿಂತ ಮೆತ್ತಗಿರುತ್ತೆ ಅಂತ. ಮೂರು ವರ್ಷ ಮಾಮ. ಒಂದು ದಿನ ತಪ್ಪಿಸಿಲ್ಲ ನಾನು."

"ಕಾಯಿಲೆ ಬಿದ್ದೋರು ಏನೋ ಅಂತಾರೆ. ಅದಕ್ಕೆ ಬಾಯಿ ಹೊಲಿಯೋದಾ?"

ಭಾವ ಒಳಗೆ ಬಂದರು. "ಮೆಲ್ಲಗೆ ಮಾತಾಡಪ್ಪ, ಅಕ್ಕಪಕ್ಕದೋರು…"

"ಕೇಳ್ಲಿ ಬಿಡಿ ಭಾವ! ನಿಮ್ಮ ಘನಕಾರ್ಯ ಅವರಿಗೂ ತಿಳೀಲಿ."

ಅವಳು ಟವೆಲನ್ನು ನಾಲ್ಕು ಮಡಿಕೆ ಮಾಡಿದಳು. ದನಿ ಏರಿಸಲಿಲ್ಲ. "ಒಂದೇ ಒಂದು ವಾರ ನಿಮ್ಮ ಮನೇಲಿ ಇಟ್ಕೊಳ್ಳಿ ಮಾಮ. ಆಮೇಲೆ ಬಂದು ನನಗೆ ಉಗೀರಿ."

"ವಾರ ಯಾಕೆ? ಸಾಯೋವರೆಗೂ ಇಟ್ಕೊಳ್ತೀನಿ!" ಎಂದೆ. ಎದೆ ಇಷ್ಟಗಲ ಆಗಿತ್ತು. "ನನ್ನ ಒಡಹುಟ್ಟಿದೋಳು. ನನ್ನ ಎತ್ತಿ ಆಡಿಸಿದೋಳು. ನಿಮ್ಮ ಹಾಗೆ ಬೀದಿಗೆ ಹಾಕೋ ಜಾತಿ ನಮ್ಮದಲ್ಲ. ನೀವು ಒಲ್ಲೆ ಅಂದ್ರೆ ನಾನಿದೀನಿ."

ಅಪ್ಪ ಮಗಳು ಹೊರಗೆ ಹೋದರು. ನಾನು ಗೆದ್ದವನಂತೆ ಕೂತು, ಆ ಸಾಲನ್ನು ಅಳಿಸಿದೆ, ಡ್ರೈವರನ್ನು ಏರಿಸಿದೆ. "ತಗೋ ಅಕ್ಕ, ಮಾತಾಡು" ಎಂದೆ. ಮೊದಲ ಮಾತು ನನ್ನನ್ನು ಹೊಗಳುವುದೇ ಇರುತ್ತದೆ ಎಂದು ನನಗೆ ಖಾತ್ರಿಯಿತ್ತು.

ಬಾಣ ಅಕ್ಷರದಿಂದ ಅಕ್ಷರಕ್ಕೆ ಹೋಯಿತು. ನಾನು ಬಗ್ಗಿ ಓದುತ್ತಿದ್ದೆ.

‘ಲೋ ರೇಡಿಯೋ. ನೀನು ಹೇಳಿದ್ದು ಕೇಳಿಸಿತು.’

"ಕೇಳಿಸ್ಲಿ ಅಂತಾನೇ ಹೇಳಿದ್ದು!" ಎಂದೆ.

‘ನಿನ್ನ ಮನೆಗೇ ಬರ್ತೀನಿ. ಕೇಂದ್ರದವಳು ಬಂದಾಗ ಅದನ್ನೇ ಹೇಳ್ತೀನಿ.’

ನನ್ನ ನಗು ಮುಖದ ಮೇಲೆ ಹಾಗೇ ಉಳಿಯಿತು. ಬಾಣ ನಿಂತು, ಮತ್ತೆ ಹೊರಟಿತು.

‘ನಿನ್ನ ಹೆಂಡತಿಗೆ ಒಂದು ಮಾತೂ ಅನ್ನಲ್ಲ. ಆಣೆ.’

ಮೂರು ವರ್ಷದಲ್ಲಿ ಅಕ್ಕ ಯಾರನ್ನೂ ಏನನ್ನೂ ಬೇಡಿರಲಿಲ್ಲ. ನೀರು ಬೇಕಾದರೂ ‘ನೀರು’ ಎಂದು ಬರೆಯುತ್ತಿದ್ದಳೇ ಹೊರತು ಕೊಡು ಎನ್ನುತ್ತಿರಲಿಲ್ಲ.

"ಅದಕ್ಕೇನಕ್ಕ, ಬಾ. ನಿಂದೇ ಮನೆ" ಎಂದೆ. "ಕೈಕಾಲು ತೊಳ್ಕೊಂಡು ಬರ್ತೀನಿ" ಎಂದು ಎದ್ದು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

ಬಚ್ಚಲಲ್ಲಿ ಗೋಡೆಯ ಉದ್ದಕ್ಕೂ ಅಕ್ಕನ ಸಾಮಾನೇ ಇತ್ತು. ಮಲದ ಬೋಗುಣಿ, ರಬ್ಬರ್ ಹಾಸು, ಡೈಪರಿನ ಕಟ್ಟು, ಬೆನ್ನಿನ ಹುಣ್ಣಿಗೆ ಹಚ್ಚುವ ಮುಲಾಮು, ನೆನೆಹಾಕಿದ ಹೊದಿಕೆ. ಮೂರು ವರ್ಷ ಪ್ರತಿ ಭಾನುವಾರ ಈ ಮನೆಗೆ ಬಂದಿದ್ದೆ, ಈ ಹೊದಿಕೆ ಒಗೆಯುವವರು ಯಾರು ಎಂದು ಒಮ್ಮೆಯೂ ಕೇಳಿರಲಿಲ್ಲ. ನನ್ನ ಮನೆಯಲ್ಲಿ ಇರುವುದು ಅಂಗಡಿಯ ಹಿಂದಿನ ಎರಡು ಕೋಣೆ. ಆದರೆ ಜಾಗ ನೆಪ. ಎರಡು ಕೋಣೆಯಲ್ಲಿ ಆರು ಜನ ಇರುವವರನ್ನು ನಾನು ಬಲ್ಲೆ. ನಿಜವೇನೆಂದರೆ ನನಗೆ ಅವಳು ಭಾನುವಾರಕ್ಕೆ ಮಾತ್ರ ಬೇಕಾಗಿದ್ದಳು. ಒಂದು ಗಂಟೆ ಕೂತು, ನಕ್ಕು, ದೊಡ್ಡ ಮನುಷ್ಯನಾಗಿ ಎದ್ದು ಬರುವುದಕ್ಕೆ. ಸೋಮವಾರದ ಅಕ್ಕ ನನಗೆ ಬೇಡ. ಅವಳ ಮೈ ತೊಳೆಯುವುದು ಬೇಡ. ಅವಳು ನನ್ನ ಬಗ್ಗೆ ಬರೆಯತೊಡಗುವುದಂತೂ ಖಂಡಿತ ಬೇಡ.

ಹೆಂಡತಿಗೆ ಫೋನ್ ಮಾಡಲಿಲ್ಲ. ಮಾಡಿದ್ದರೆ ಅವಳು ಕರೆದುಕೊಂಡು ಬನ್ನಿ ಎಂದುಬಿಡುತ್ತಿದ್ದಳೇನೋ ಎಂಬ ಭಯವಿತ್ತು.

ಹೊರಗೆ ಬಂದಾಗ ಹತ್ತೂ ನಲವತ್ತೆಂಟು. ಅಕ್ಕನ ಪಕ್ಕ ಕೂತು ಲ್ಯಾಪ್‌ಟಾಪನ್ನು ನನ್ನ ಕಡೆಗೆ ಅರ್ಧ ತಿರುಗಿಸಿದೆ. ಅವಳ ಬೆರಳು ಟಚ್‌ಪ್ಯಾಡ್ ಮೇಲೇ ಇತ್ತು. ತೆಗೆಯಲು ಮನಸ್ಸಾಗಲಿಲ್ಲ.

"ಒಂದು ಸಣ್ಣ ಚೆಕ್ ಬಾಕಿ ಇದೆ" ಎಂದೆ. ಆಮೇಲೆ ಮಾತಾಡಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ನನ್ನ ಕೈ ಕೆಲಸ ಮಾಡುತ್ತಿದ್ದಾಗ ಬಾಯಿ ಸುಮ್ಮನಿತ್ತು.

ಅದೇ ಕಪ್ಪುಪಟ್ಟಿಯ ಕಡತ ತೆರೆದೆ. ಖಾಲಿಯಿತ್ತು. ಮೊದಲ ಪದ ಬರೆದೆ. ಎರಡನೆಯ ಪದ ಬರೆದೆ. ಅಷ್ಟರಲ್ಲಿ ಬಾಣ ಅಲುಗಿತು. ಅಕ್ಕ ಪ್ರೂಫ್ ಓದುವಾಗ ಸೀಸದ ಕಡ್ಡಿಯ ಮೊನೆಯನ್ನು ಅಕ್ಷರದ ಕೆಳಗಿಟ್ಟು ಒಂದೊಂದಾಗಿ ಸರಿಸಿಕೊಂಡು ಹೋಗುತ್ತಿದ್ದಳು. ಒಂದು ಅಕ್ಷರವನ್ನೂ ಹಾರಿಸುತ್ತಿರಲಿಲ್ಲ. ಈಗ ಬಾಣ ನಾನು ಬರೆದ ಸಾಲಿನ ಕೆಳಗೆ ಬಂದು, ಮೊದಲ ಅಕ್ಷರದಿಂದ ಹೊರಟು, ಒಂದೊಂದನ್ನೇ ದಾಟಿ, ಎರಡನೆಯ ಪದದ ಕೊನೆಯವರೆಗೆ ಹೋಗಿ ನಿಂತಿತು.

ನಾನು ಅವಳ ಮುಖ ನೋಡಲಿಲ್ಲ. ಕಡತ ಉಳಿಸಿದೆ. ಡ್ರೈವರನ್ನು ಇಳಿಸುವ ಆಜ್ಞೆ ಬರೆದು ಎಂಟರ್ ಒತ್ತಿದೆ. ಬಾಣ ಇದ್ದಲ್ಲೇ ನಿಂತಿತು. ಬೆರಳು ಎರಡು ಸಲ ಜಾರಿತು, ಆಮೇಲೆ ಅದೂ ನಿಂತಿತು. ಹೊರಗೆ ಕರೆಗಂಟೆ ಮೊಳಗಿತು.

ಪರಿಶೀಲಕಿ ನನ್ನ ವಯಸ್ಸಿನವರೇ. ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಚಪ್ಪಲಿ ಬಿಟ್ಟು ಒಳಗೆ ಬಂದು ನೇರ ಅಕ್ಕನಿಗೇ ನಮಸ್ಕಾರ ಹೇಳಿದರು, ನಮಗಲ್ಲ.

"ಇವರು ಕಂಪ್ಯೂಟರಲ್ಲಿ ಬರೀತಾರೆ ಅಂದಿದ್ರಲ್ಲ?" ಎಂದು ಕೇಳಿದರು.

"ಬರೀತಿದ್ರು ಮೇಡಂ. ಮೊನ್ನೆ ಕೆಟ್ಟುಹೋಯ್ತು. ಟಚ್‌ಪ್ಯಾಡೇ ಹೋಗಿದೆ, ಪಾರ್ಟ್ ತರಿಸ್ಬೇಕು. ನಾನು ರಿಪೇರಿಯೋನೇ, ಇವರ ತಮ್ಮ. ಎರಡು ವಾರ ಆಗ್ಬಹುದು" ಎಂದೆ.

ಅಕ್ಕನ ಮಗಳು ತಲೆಯೆತ್ತಿ ನನ್ನನ್ನು ನೋಡಿದಳು. ಅರ್ಧ ಗಂಟೆ ಹಿಂದೆ ಅವಳ ಮರ್ಯಾದೆ ಕಳೆದ ಬಾಯಿ ಇದೇನಾ ಎಂಬಂತೆ ನೋಡಿದಳು. ಭಾವ ಕಿಟಕಿಯಾಚೆಯ ಗೋಡೆ ನೋಡತೊಡಗಿದರು.

"ಪರವಾಗಿಲ್ಲ ಬಿಡಿ, ಅದೇನೂ ಬೇಕಾಗಿಲ್ಲ" ಎಂದು ಪರಿಶೀಲಕಿ ಲ್ಯಾಪ್‌ಟಾಪನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ಹಲಗೆಯ ಮೇಲೆ ಹರಡಿ, ನಡುವೆ ಒಂದು ಗೆರೆ ಎಳೆದು, ಅಕ್ಕನ ಬೆರಳನ್ನು ಆ ಗೆರೆಯ ಮೇಲಿಟ್ಟರು. "ಅಮ್ಮ, ನಾನು ಕೇಳಿದ್ದಕ್ಕೆ ಹೌದಾದ್ರೆ ಬೆರಳನ್ನ ಬಲಕ್ಕೆ ಜಾರಿಸಿ. ಅಲ್ಲ ಅಂದ್ರೆ ಎಡಕ್ಕೆ. ಇವತ್ತು ಸೋಮವಾರನಾ?"

ಬೆರಳು ಬಲಕ್ಕೆ ಹೋಯಿತು.

"ಈಗ ರಾತ್ರಿನಾ?"

ಎಡಕ್ಕೆ.

ಮೂರು ವರ್ಷದಲ್ಲಿ ಇದು ನಮಗ್ಯಾರಿಗೂ ಹೊಳೆದಿರಲಿಲ್ಲ. ಒಂದು ಹಾಳೆ, ಒಂದು ಗೆರೆ. ನಾನು ಲಿನಕ್ಸ್ ಹಾಕಿ ಮೆರೆದಿದ್ದೆ, ಮನೆಯವರು ಆ ಯಂತ್ರ ಸತ್ತರೆ ಅಕ್ಕನೂ ಸತ್ತಂತೆ ಎಂದು ನಂಬಿದ್ದರು.

ಪರಿಶೀಲಕಿ ಫಾರಂ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. "ನಾಲ್ಕೇ ಪ್ರಶ್ನೆ ಅಮ್ಮ. ಯಾರಿಗೂ ಹೆದರ್ಬೇಡಿ. ನೀವು ಈ ಮನೇಲೇ ಇರೋಕೆ ಇಷ್ಟಪಡ್ತೀರಾ?"

ಬೆರಳು ಎಡಕ್ಕೆ ಹೋಯಿತು.

"ಎರಡನೇದು. ಬೇರೆ ಹತ್ತಿರದವರ ಮನೆಗೆ ಹೋಗೋ ಇಷ್ಟ ಇದೆಯಾ ಅಂತ. ಇವರು ನಿಮ್ಮ ತಮ್ಮ ಅಂದ್ರಲ್ವಾ? ಇವರ ಮನೆಗೆ ಹೋಗಿ ಇರ್ತೀರಾ?"

ಅಕ್ಕ ಹಾಳೆ ನೋಡಲಿಲ್ಲ, ಪರಿಶೀಲಕಿಯನ್ನು ನೋಡಲಿಲ್ಲ, ನನ್ನನ್ನೇ ನೋಡಿದಳು. ಅದರಲ್ಲಿ ಸಿಟ್ಟಿದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಸಿಟ್ಟಿರಲಿಲ್ಲ. ನನ್ನಲ್ಲಿ ಕೊನೆಯ ತಪ್ಪನ್ನೂ ಹುಡುಕಿ ಮುಗಿಸಿದ ನೋಟವದು. ಬೆರಳು ಎಡಕ್ಕೆ ಹೊರಟು, ಹಾಳೆಯ ಅಂಚಿನ ಕಡೆಗೆ ತನ್ನಿಂದಾದಷ್ಟು ದೂರ ಹೋಯಿತು.

"ಇದು ನಿಮ್ಮದೇ ನಿರ್ಧಾರ ಅಲ್ವಾ ಅಮ್ಮ? ಯಾರೂ ಬಲವಂತ ಮಾಡಿಲ್ಲ ತಾನೇ?"

ಬಲಕ್ಕೆ.

"ನಮ್ಮಲ್ಲಿಗೆ ಬರ್ತೀರಾ?"

ಬಲಕ್ಕೆ.

ಪರಿಶೀಲಕಿ ಬರೆದುಕೊಂಡರು. ನನಗೆ ಆಗ ಏನನ್ನಿಸಿತೆಂದು ಮುಚ್ಚಿಡುವುದಿಲ್ಲ. ನಿರಾಳವಾಯಿತು. ನಾಚಿಕೆ ಆಮೇಲೆ ಬಂತು, ಅದೂ ಪೂರ್ತಿ ಬರಲಿಲ್ಲ.

ಪರಿಶೀಲಕಿ ಹೋದ ಮೇಲೆ ಅಡಿಗೆಮನೆಯಲ್ಲಿ ಅಕ್ಕನ ಮಗಳು ನನಗೆ ಚಹಾ ಕೊಟ್ಟಳು. ಲೋಟ ಕೊಡುತ್ತ ಕೇಳಿದಳು. "ಯಾವ ಪಾರ್ಟು ಮಾಮ?"

ನಾನು ಚಹಾ ಊದಿದೆ.

"ಶನಿವಾರ ಆ ಸಾಲು ಬರೆದ್ಮೇಲೆ ನಾನು ಇಲ್ಲೇ ನೆಲದ ಮೇಲೆ ಕೂತು ಎರಡು ಗಂಟೆ ಅತ್ತೆ" ಎಂದಳು. "ನಿಮ್ಮ ಕಣ್ಣು ಒದ್ದೆಯೂ ಆಗ್ಲಿಲ್ಲ."

ಚಹಾ ಅರ್ಧಕ್ಕೇ ಇಟ್ಟು, ಹಿಂದಿನ ಕೋಣೆಗೆ ಹೋದೆ. ಸಾಲನ್ನು ಅಳಿಸಿದೆ. ಡ್ರೈವರ್ ಏರಿಸಿದೆ. ಯಂತ್ರವನ್ನು ಆಫ್ ಮಾಡಿ ಎಬ್ಬಿಸಿ, ಬಾಣ ಓಡುವುದನ್ನು ನನ್ನ ಬೆರಳಿಂದಲೇ ನೋಡಿ, ಲ್ಯಾಪ್‌ಟಾಪನ್ನು ಅಕ್ಕನ ಹಲಗೆಯ ಮೇಲಿಟ್ಟೆ. ಅವಳ ಬೆರಳನ್ನು ಎತ್ತಿ ಟಚ್‌ಪ್ಯಾಡ್ ಮೇಲಿಟ್ಟೆ. "ಬಯ್ಯಕ್ಕ. ಏನು ಬೇಕಾದ್ರೂ ಬಯ್ಯಿ" ಎಂದೆ. ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಕಾಲು ಗಂಟೆ ಕಾದೆ. ಆಮೇಲೆ ಅಂಗಡಿಯ ಬಾಗಿಲಲ್ಲಿ ಗಿರಾಕಿ ನಿಂತಿರುವುದು ನೆನಪಾಯಿತು ಎಂದು ಭಾವನಿಗೆ ಹೇಳಿ ಹೊರಟೆ.

ಗುರುವಾರ ಅವಳನ್ನು ಕೇಂದ್ರಕ್ಕೆ ಕರೆದುಕೊಂಡು ಹೋದರು. ಲ್ಯಾಪ್‌ಟಾಪ್ ಕೂಡ ಜೊತೆಗೆ ಹೋಯಿತು. ನಾನು ಹೋಗಲಿಲ್ಲ. ಬೆಳಿಗ್ಗೆ ಎಂಟಕ್ಕೆ ಫೋನ್ ತೆಗೆದು ನೋಡುವ ಅಭ್ಯಾಸ ಮಾತ್ರ ಹೋಗಲಿಲ್ಲ. ಹತ್ತು ದಿನ ನೋಡಿದೆ. ಹನ್ನೊಂದನೆಯ ದಿನ ಅಲ್ಲಿನ ನರ್ಸ್ ಫೋನ್ ಮಾಡಿದಳು.

"ಸಾರ್, ಕಂಪ್ಯೂಟರ್ ರಿಪೇರಿ ನೀವೇ ಅಂತ ಇವರ ಮಗಳು ನಂಬರ್ ಕೊಟ್ರು. ಇದು ಕೆಟ್ಟಿರ್ಬೇಕು ಸಾರ್. ಬಂದಾಗಿಂದ ಬಾಣ ನಿಂತಲ್ಲೇ ನಿಂತಿದೆ."

"ನೀವು ಬೆರಳಿಟ್ಟು ನೋಡಿ" ಎಂದೆ.

"ಅಯ್ಯೋ ಹೌದಲ್ಲ, ನಂಗೆ ಓಡ್ತಿದೆ ಸಾರ್."

"ಅವರಿಗೆ ಬೆರಳು ಆಡ್ತಿದೆಯಾ?"

"ಬೆರಳು ಚೆನ್ನಾಗೇ ಆಡುತ್ತೆ ಸಾರ್. ಊಟ ಬೇಕಾ, ಸಾಕಾ ಅಂತ ಕೇಳಿದ್ರೆ ಹೊದಿಕೆ ಮೇಲೆ ಬಲಕ್ಕೆ ಎಡಕ್ಕೆ ಆಡ್ಸಿ ಹೇಳ್ತಾರೆ. ಇದರ ಮೇಲೆ ಇಟ್ರೆ ಮಾತ್ರ ನಿಲ್ಲಿಸಿಬಿಡ್ತಾರೆ. ಏನ್ ಮಾಡ್ಲಿ ಸಾರ್?"

ಮೇಜಿನ ಮೇಲೆ ಯಾರದೋ ಲ್ಯಾಪ್‌ಟಾಪ್ ಬಿಚ್ಚಿ ಬಿದ್ದಿತ್ತು. ಎದುರಿಗೆ ಗಿರಾಕಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದ.

"ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ" ಎಂದೆ.

ಆಕೆ ಪಾಪ, ಮಾಡಿದಳು. ಯಂತ್ರ ಏಳುವ ಸದ್ದು ಫೋನಿನಲ್ಲಿ ಕೇಳಿಸಿತು. "ಅಮ್ಮ, ನಿಮ್ಮ ತಮ್ಮ ಲೈನಲ್ಲಿದಾರೆ, ಸ್ವಲ್ಪ ಬೆರಳು ಆಡ್ಸಿ" ಎಂದು ಅವಳು ಹೇಳುತ್ತಿದ್ದುದೂ ಕೇಳಿಸಿತು. ನಾನು ಫೋನ್ ಕಿವಿಗೆ ಒತ್ತಿಕೊಂಡು ಕಾದೆ.

"ಇಲ್ಲ ಸಾರ್" ಎಂದಳು ನರ್ಸ್.